ಕರೆದರೆ ಓಗೊಡುವ ಫೋನು

ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಜೇಬು ಮುಟ್ಟಿ ನೋಡಿಕೊಂಡರಂತೆ. ಗಾದೆ ಹೀಗಿಲ್ಲ, ಹೆಗಲು ಮುಟ್ಟಿಕೊಳ್ಳಬೇಕು ಅಂತ ನನಗೂ ಗೊತ್ತು. ಆದರೆ ಈಗಿನ ಕಾಲದಲ್ಲಿ ಕದಿಯಲು ಯೋಗ್ಯವಾದದ್ದೆಲ್ಲ ಜೇಬಿನಲ್ಲೇ ಹಿಡಿಸುತ್ತದೆ. ಹೆಗಲಿನ ಸರದಿ ಆಮೇಲೆ ಬರುತ್ತದೆ, ತಾಳಿ. ಹೇಳುವುದೆಲ್ಲ ನಡೆದದ್ದೇ. ಒಂದಕ್ಷರ ಸುಳ್ಳಾದರೆ ನನ್ನ ಫೋನಿನ ಬ್ಯಾಟರಿ ಉಬ್ಬಿಹೋಗಲಿ.

“ಫೋನು ಈ ಮನೆ ಬಿಟ್ಟು ಹೋಗಿಲ್ಲ,” ಎಂದರು ಪತ್ತೆ ಅತ್ತೆ.

ಎದುರಿಗಿದ್ದ ಮೂವರು ಗಂಡಸರೂ ಒಟ್ಟಿಗೆ ಜೇಬು ಮುಟ್ಟಿಕೊಂಡರು. ಜೇಬಿಲ್ಲದ ಮನೆಯೊಡತಿ ಸೊಂಟ ಮುಟ್ಟಿಕೊಂಡರು.

ಪತ್ತೆ ಅತ್ತೆ ಅಂದರೆ ನನ್ನ ಸೋದರತ್ತೆ. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ನಿವೃತ್ತರಾದವರು. ಈಗ ಕಂಡವರ ಮನೆಯಲ್ಲಿ ಕಾಣೆಯಾದದ್ದನ್ನು ಹುಡುಕಿಕೊಡುತ್ತಾರೆ. ನಾನು ಅವರ ಸಹಾಯಕ. ನನಗಿರುವ ಅರ್ಹತೆ ಎರಡು. ಒಂದು ಪದವಿ, ಅದು ಉಪಯೋಗಕ್ಕೆ ಬಂದಿಲ್ಲ. ಇನ್ನೊಂದು ಮಿಮಿಕ್ರಿ, ಅದು ಬರೀ ಉಪದ್ರವಕ್ಕೆ ಬಂದಿದೆ.

ಹಿಂದಿನ ಸಂಜೆ ಅತ್ತೆಗೊಂದು ಮೂಕ ಕರೆ ಬಂದಿತ್ತು, ಅದನ್ನು ನೆನಪಿಟ್ಟುಕೊಂಡಿರಿ. ಆ ಕಡೆ ಉಸಿರು ಮಾತ್ರ. ಈ ಕಡೆ ಅತ್ತೆ, ರಸ್ತೆಯಾಚೆಗಿನವರನ್ನು ಕೂಗುವ ತಮ್ಮ ಮಾಮೂಲು ದನಿಯಲ್ಲಿ ಯಾರ ಕರೆ ಬಂದರೂ ಮೊದಲು ಕೇಳುವ “ಎಲ್ಲಿದೀಯಾ? ಎಲ್ಲಿದೀಯಾ? ಎಲ್ಲಿದೀಯಾ?” ಅಂತ ಕಿರುಚಿ ಕಿರುಚಿ ಇಟ್ಟುಬಿಟ್ಟಿದ್ದರು. ಅದರ ಮಾತು ಆಮೇಲೆ. ಮೊದಲು ಮೊದಲಣ್ಣನ ಮಾತು.

ಮೊದಲಣ್ಣ ಈ ಮನೆಯ ಯಜಮಾನ. ಹೊಸ ಫೋನು, ಹೊಸ ವಾಚು, ಹೊಸ ಇಯರ್‌ಫೋನು ಯಾವುದೇ ಬರಲಿ, ಎಲ್ಲರಿಗಿಂತ ಮೊದಲು ಡಬ್ಬಿ ಬಿಚ್ಚಿ ತೋರಿಸುವ ವಿಡಿಯೋ ಚಾನೆಲ್ ಅವನದು. “ಬಂತು, ಬಂತು, ಬಂದೇ ಬಿಡ್ತು!” ಅಂತ ಅವನು ಒಂದು ಸಲ ಗರ್ಜಿಸಿದರೆ ಸಾಕು, ಲಕ್ಷಾಂತರ ಮಂದಿ ತಮ್ಮ ಕೈಲಿರುವ ಫೋನನ್ನು ಮಲಮಗುವಿನಂತೆ ನೋಡತೊಡಗುತ್ತಾರೆ.

ಆ ಮನೆ ನಿಂತಿರುವುದೇ ಡಬ್ಬಿಗಳ ಮೇಲೆ. ಟಿವಿ ಡಬ್ಬಿಗಳ ಮೇಲೆ ಕೂತಿತ್ತು. ಊಟದ ಮೇಜಿನ ಒಂದು ಕಾಲಿಗೆ ಟ್ಯಾಬ್ಲೆಟ್ಟಿನ ಡಬ್ಬಿ ಆಸರೆ. ಬಾಗಿಲಲ್ಲಿ ಅತ್ತೆಯ ಹೆಗಲ ಚೀಲವನ್ನು ಮೊದಲಣ್ಣನೇ ಎರಡು ಕೈಯಲ್ಲಿ ಇಸಿದುಕೊಂಡು, ನಮ್ಮನ್ನು ಒಳಗೆ ಕರೆದೊಯ್ದು, ಅದನ್ನು ಡಬ್ಬಿಗಳ ಒಂದು ಗುಡ್ಡದ ಮೇಲೆ ಭಕ್ತಿಯಿಂದ ಇಟ್ಟಿದ್ದ. ಬಾಯಲ್ಲಿ ಮಾತ್ರ ಮಾತಿಲ್ಲ.

ಮಾತು ಹೋದದ್ದು ಅಂದಿನ ಮಧ್ಯಾಹ್ನ.

ಮಾರನೆಯ ಬೆಳಗ್ಗೆ ಒಂದು ದೊಡ್ಡ ಕಂಪನಿಯ ಹೊಸ ಫೋನಿನ ಬಿಡುಗಡೆ. ಅದಕ್ಕೆ ಒಂದು ದಿನ ಮೊದಲು, ಅಂದರೆ ಅಂದೇ, ಡಬ್ಬಿ ಬಿಚ್ಚಿ ಫೋನಿನ ಮುಖ ಮಾತ್ರ ತೋರಿಸಲು ಮೊದಲಣ್ಣನಿಗೆ ಅಪ್ಪಣೆಯಾಗಿತ್ತು. ನೇರ ಪ್ರಸಾರ. ಸುತ್ತಿದ್ದ ತೆಳು ಪ್ಲಾಸ್ಟಿಕ್ಕು ಚರ್ರೆಂದಿತು. ಮುಚ್ಚಳ ಮದುವೆ ಹೆಣ್ಣಿನ ಗತ್ತಿನಲ್ಲಿ ಮೆಲ್ಲಗೆ ಮೇಲೆದ್ದಿತು. “ಬಂತು, ಬಂತು...”

ಬಂದದ್ದು ಒಂದು ಗುಂಡಿ ಒತ್ತುವ ಹಳೇ ಫೋನು. ಬೆನ್ನು ಬಿಚ್ಚಿಹೋಗದಂತೆ ರಬ್ಬರ್ ಬ್ಯಾಂಡು ಬೇರೆ.

ಅದು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಕೋಳಿಯಂತೆ ಕೂಗಿತು. ಮೊದಲಣ್ಣನ ಅಪ್ಪ ಮಾತ್ರೆ ನುಂಗುವ ಹೊತ್ತಿಗೆ ಇಟ್ಟುಕೊಂಡಿದ್ದ ಅಲಾರಂ ಅದು. ಬನಿಯನ್ನಿನಲ್ಲೇ ಅಪ್ಪ ಪ್ರಸಾರದೊಳಕ್ಕೆ ನಡೆದು ಬಂದು, “ಬೆಳಗ್ಗಿಂದ ಹುಡುಕ್ತಾ ಇದೀನಿ ಕಣೋ, ನಿನ್ ಹತ್ರ ಇತ್ತಾ?” ಅಂತ ಕೇಳಿ, ಲಕ್ಷಾಂತರ ಮಂದಿಯ ಸಮಕ್ಷಮದಲ್ಲಿ ಮಾತ್ರೆ ನುಂಗಿದರು.

ಲೋಕ ಬಿದ್ದು ಬಿದ್ದು ನಕ್ಕಿತು. ಮೊದಲಣ್ಣ ಕಿರುಚಿದ. ಕಿರುಚಿ ಕಿರುಚಿ ಗಂಟಲು ಕಟ್ಟಿತು. ಹೆಂಡತಿ ಬಿಸಿ ಉಪ್ಪುನೀರು ಕೊಟ್ಟರು. ಆ ಲೋಟ ನಾವು ಹೋದಾಗಲೂ ಅವನ ಪಕ್ಕದಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೆ.

ಈಗ ಅವನು ಮಡಿಲಲ್ಲಿ ಒಂದು ಟ್ಯಾಬ್ಲೆಟ್ ಇಟ್ಟುಕೊಂಡು ಬೆರಳಲ್ಲಿ ಬರೆಯುತ್ತಿದ್ದ. ಅದು ಅವನ ಪರವಾಗಿ ಗಟ್ಟಿಯಾಗಿ ಓದುತ್ತಿತ್ತು. ಲಿಫ್ಟಿನಲ್ಲಿ ಮಹಡಿ ಹೇಳುವ ಹುಡುಗಿಯ ಉಲ್ಲಾಸ ಆ ದನಿಗೆ.

“ನಾನು. ಹಾಳಾಗಿ. ಹೋದೆ!” ಎಂದಿತು ಟ್ಯಾಬ್ಲೆಟ್ಟು, ಬಹುಮಾನ ಬಂದವರ ಸಂಭ್ರಮದಲ್ಲಿ.

ಭಾಮೈದ ಕೆಮ್ಮಿ ನಗು ನುಂಗಿಕೊಂಡ. ಕ್ಯಾಮೆರಾ ಹಿಡಿಯುವವನು ಅವನೇ, ಮೊದಲಣ್ಣನ ಹೆಂಡತಿಯ, ಅಂದರೆ ಅಕ್ಕನ, ಒಬ್ಬನೇ ತಮ್ಮ.

ಅತ್ತೆ ಮೇಜಿನ ಮೇಲಿದ್ದ ಹರಿದ ಪ್ಲಾಸ್ಟಿಕ್ಕನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಮೂಗಿಗೆ ಹಿಡಿದರು.

“ಏನಪ್ಪಾ, ಈ ಡಬ್ಬಿ ಬಿಚ್ಚಿದ್ದು ಇವತ್ತೇ ಮೊದಲ ಸಲಾನಾ?”

“ಹೌದು ಮೇಡಂ. ಲೋಕವೇ ನೋಡಿದೆಯಲ್ಲ,” ಎಂದ ಭಾಮೈದ.

“ಲೋಕಕ್ಕೆ ಕಣ್ಣಿದೆ, ಮೂಗಿಲ್ಲ. ಇದು ಯಾಕೆ ತಲೆಗೆ ಹಚ್ಚೋ ಎಣ್ಣೆ ವಾಸನೆ ಹೊಡೀತಾ ಇದೆ?”

ಅಕ್ಕ ಧಡಕ್ಕನೆ ಎದ್ದರು. “ಲೋ! ಮತ್ತೆ ನನ್ನ ಹೇರ್ ಡ್ರೈಯರ್ ಮುಟ್ಟಿದ್ಯಾ?”

“ಅಕ್ಕಾ, ಅದು...”

“ಹೇಳೋ. ಕಂಪನಿ ಸೀಲು ಅಂತ ನಾನೂ ನಂಬ್ಕೊಂಡಿದ್ನಲ್ಲೋ!”

ಭಾಮೈದ ಬಾಯಿ ಬಿಟ್ಟ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದಂತೆ. ಡಬ್ಬಿಯನ್ನು ಮೊದಲೇ ಗುಟ್ಟಾಗಿ ಬಿಚ್ಚುತ್ತಾರೆ. ಫೋನಿನ ಮೇಲೆ ಬೆರಳ ಗುರುತಿದ್ದರೆ ಒರೆಸಿ, ಚಾರ್ಜು ಮಾಡಿ, ಯಾವ ಕೋನದಲ್ಲಿ ಚೆನ್ನಾಗಿ ಕಾಣುತ್ತದೆ ನೋಡಿಕೊಂಡು, ವಾಪಸ್ಸಿಟ್ಟು, ಹೊಸ ಪ್ಲಾಸ್ಟಿಕ್ಕು ಸುತ್ತಿ ಬಿಸಿಗಾಳಿ ಹೊಡೆದರೆ ಅದು ಡಬ್ಬಿಗೆ ಚರ್ಮದಂತೆ ಅಂಟಿಕೊಳ್ಳುತ್ತದೆ. ಮಾರನೆಯ ದಿನ “ಸ್ನೇಹಿತರೇ, ನಾನೂ ನಿಮ್ಮ ಜೊತೆ ಮೊದಲ ಸಲ ನೋಡ್ತಾ ಇದೀನಿ!”

“ಅಂದ್ರೆ ಮೊದಲನೇ ಸಲಕ್ಕೂ ರಿಹರ್ಸಲ್ಲು,” ಎಂದರು ಅತ್ತೆ. “ಸರಿ, ಫೋನನ್ನ ವಾಪಸ್ಸು ಒಳಗಿಟ್ಟು ಮುಚ್ಚಳ ಮುಚ್ಚಿದ್ದು ಯಾರು?”



“ನಾನು ಸುತ್ತಿದ್ದಷ್ಟೇ,” ಎಂದ ಭಾಮೈದ. “ಬೆಳಗ್ಗೆ ಬಂದಾಗ ಮುಚ್ಚಳ ಹಾಕಿತ್ತು. ಭಾವ ಹಾಕಿದಾರೆ ಅಂದ್ಕೊಂಡೆ.”

“ನಾನು. ಭಾಮೈದ. ಹಾಕಿದ್ದಾನೆ. ಅಂದುಕೊಂಡೆ!” ಎಂದಿತು ಟ್ಯಾಬ್ಲೆಟ್ಟು.

“ಒಳಗೇನಿದೆ ಅಂತ ಒಂದು ಸಲ ಇಣುಕಲಿಲ್ವೇನೋ?”

“ಯಾಕೆ ಇಣುಕ್ಲಿ ಮೇಡಂ? ನನಗೆ ಬೇಕಾಗಿದ್ದು ಡಬ್ಬಿ ಹೊರಗಿಂದ ಚೆನ್ನಾಗಿ ಕಾಣೋದು.”

ಅತ್ತೆ ಪ್ಲಾಸ್ಟಿಕ್ಕನ್ನು ಮೇಜಿನ ಮೇಲೆ ಹಾಕಿದರು. “ನಿನಗೂ ಒಂದು ಚಾನೆಲ್ ಮಾಡೋ ಆಸೆ ಇದೆಯಂತಲ್ಲ? ಭಾವ ಬಿದ್ದರೆ ಭಾಮೈದ ಏಳಬಹುದು.”

“ಆಸೆ ಇದೆ. ಆದರೆ ಭಾವನ ಸ್ಥಿತಿ ನೋಡಿ ಅದೂ ಕರಗ್ತಾ ಇದೆ.”

ಅತ್ತೆ ಅಕ್ಕನ ಕಡೆ ತಿರುಗಿದರು.

“ನನ್ನನ್ನೇನು ನೋಡ್ತೀರಾ?” ಎಂದರು ಅಕ್ಕ. “ಈ ಮನೇಲಿ ದೀಪ ಹಚ್ಚೋಕೆ ದೀಪದ ಹತ್ರಾನೇ ಬೇಡ್ಕೋಬೇಕು. ಪರದೆ ಸರಿಸೋಕೆ ಪರದೆಗೆ ಪೂಸಿ ಹೊಡೀಬೇಕು. ಮೊನ್ನೆ ಬಾಗಿಲಿಗೆ ಅದೇನೋ ಅಪ್‌ಡೇಟು ಅಂತ, ನನ್ನನ್ನ ಒಳಗೇ ಬಿಡ್ಲಿಲ್ಲ. ಮೆಟ್ಟಿಲ ಮೇಲೆ ಕೂತು ಈರುಳ್ಳಿ ಸುಲಿದೆ. ಕಣ್ಣೀರು ಯಾತಕ್ಕೆ ಬಂತು ಅಂತ ನನಗೇ ಗೊತ್ತಾಗ್ಲಿಲ್ಲ. ಇದನ್ನೆಲ್ಲ ಕಸದ ಬುಟ್ಟಿಗೆ ಹಾಕೋ ಆಸೆ ದಿನಾ ಆಗತ್ತೆ. ಧೈರ್ಯ ಒಂದು ದಿನಾನೂ ಆಗಿಲ್ಲ.”

“ನನ್ನನ್ನೂ ಕೇಳಿಬಿಡಿ,” ಎಂದರು ಅಪ್ಪ ಸೋಫಾದ ತುದಿಯಿಂದ. “ಆ ಡಬ್ಬಿಯಿಂದ ಹೊರಗೆ ಬಂದಿದ್ದು ನನ್ನ ಫೋನೇ ತಾನೆ? ಇಪ್ಪತ್ತು ವರ್ಷದಿಂದ ನನ್ನ ಜೇಬಲ್ಲಿ ಕೊಳೀತಿತ್ತು, ಇವತ್ತು ಲೋಕಪ್ರಸಿದ್ಧ ಆಯ್ತು. ನಾನು ಕದ್ದಿಲ್ಲ. ಆದರೆ ಕದ್ದೋನಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕು.”

“ಅಪ್ಪಾ!” ಅಂತ ಬರೆದಿರಬೇಕು ಮೊದಲಣ್ಣ. ಟ್ಯಾಬ್ಲೆಟ್ಟು ಅದನ್ನು ಜೋಗುಳದ ರಾಗದಲ್ಲಿ ಹಾಡಿತು.

ಅತ್ತೆ ಅವನೆದುರು ಒಂದು ಡಬ್ಬಿ ಎಳೆದುಕೊಂಡು ಕೂತರು. ದನಿ ಇಳಿಯಿತು. “ನೋಡಪ್ಪಾ, ಒಂದು ಫೋನು ಹೋದರೆ ಏನಾಗತ್ತೆ? ಇಷ್ಟೊಂದು ಬಿದ್ದಿವೆಯಲ್ಲ ಮನೇಲಿ.”

ಅವನು ತುಂಬಾ ಹೊತ್ತು ಬರೆದ. ಕಣ್ಣಿನ ಸುತ್ತ, ಎಷ್ಟೋ ದಿನ ಚಾರ್ಜಿಗೆ ಹಾಕದ ಮನುಷ್ಯನ ಕಪ್ಪು.

“ನಾಳೆ ಬೆಳಗ್ಗೆ ಕೊಡದಿದ್ದರೆ ಈ ಕಂಪನಿ ಇನ್ನು ನನಗೆ ಏನೂ ಕಳಿಸುವುದಿಲ್ಲ,” ಎಂದಿತು ಟ್ಯಾಬ್ಲೆಟ್ಟು, ಹಬ್ಬದ ರಿಯಾಯಿತಿ ಸಾರುವಂತೆ. “ಇವರು ಬಿಟ್ಟರೆ ಎಲ್ಲರೂ ಬಿಡುತ್ತಾರೆ. ನಾಳೆ ಫೋನು. ಆಮೇಲೆ ವಾಚು. ವಾಚು ಮುಗಿಯುವುದರೊಳಗೆ ಮತ್ತೆ ಫೋನು. ನಾನು ಒಂದನ್ನು ಬಿಟ್ಟರೆ ಜನ ನನ್ನನ್ನು ಬಿಡುತ್ತಾರೆ. ಓಡಲು ಆಗುತ್ತಿಲ್ಲ. ನಿಲ್ಲಲು ಬರುವುದಿಲ್ಲ. ಕೇಳಿದ್ದಕ್ಕೆ ಧನ್ಯವಾದಗಳು!”

ಕೊನೆಯ ಮಾತು ಅವನು ಬರೆದದ್ದಲ್ಲ. ಯಂತ್ರ ತನ್ನ ಕಡೆಯಿಂದ ಸೇರಿಸಿದ್ದು.

ಯಾರೂ ನಗಲಿಲ್ಲ. ಅಕ್ಕ ಸೆರಗಿನ ತುದಿಯಿಂದ ಒಂದು ಡಬ್ಬಿಯ ಧೂಳೊರೆಸತೊಡಗಿದರು. ಹುಚ್ಚು ನಾಯಿ ಅಟ್ಟಿಸಿಕೊಂಡು ಬಂದರೆ ಕಲ್ಲು ಹೊಡೆಯಬಹುದು, ಕ್ಯಾಲೆಂಡರೇ ಅಟ್ಟಿಸಿಕೊಂಡು ಬಂದರೆ ಏನು ಹೊಡೆಯುವುದು?

ಅಷ್ಟರಲ್ಲಿ ಅಕ್ಕನ ಫೋನು ಹಾಡಿತು. ಕಂಪನಿಯ ಹುಡುಗಿ. ಅಕ್ಕ ಸ್ಪೀಕರಿಗೆ ಹಾಕಿದರು.

“ನಿಮ್ಮ ಸಮಯ ನಮಗೆ ಅಮೂಲ್ಯ. ಕಳೆದುಹೋದ ಫೋನು ನಿನ್ನೆ ಸಂಜೆಯೇ ಚಾಲೂ ಆಗಿದೆ. ಯಾರೋ ತಮ್ಮ ದನಿಯನ್ನು ಅದರಲ್ಲಿ ನೋಂದಾಯಿಸಿದ್ದಾರೆ. ಫೋನು ಈಗಲೂ ನಿಮ್ಮ ಮನೆಯ ವಿಳಾಸವನ್ನೇ ತೋರಿಸುತ್ತಿದೆ.”

“ಯಾರ ದನಿ ಅಂತ ಹೇಳಮ್ಮ!”

“ಕ್ಷಮಿಸಿ. ಅದು ಗ್ರಾಹಕರ ಖಾಸಗಿ ವಿಷಯ. ಬೇರೇನಾದರೂ ಸಹಾಯ ಬೇಕೇ?”

“ಇದೇ ಸಹಾಯ ಮಾಡಿಲ್ವಲ್ಲ ತಾಯಿ, ಬೇರೇದು ಯಾಕೆ?” ಎಂದರು ಅಪ್ಪ. ಕರೆ ಕಟ್ಟಾಯಿತು.

“ದನಿ ನೋಂದಾಯಿಸೋದು ಅಂದ್ರೆ?” ಅತ್ತೆ ಕೇಳಿದರು.

ಭಾಮೈದ ವಿವರಿಸಿದ. ಹೊಸ ಫೋನಿನ ದೊಡ್ಡಸ್ತಿಕೆಯೇ ಅದು. ಎಲ್ಲೋ ಇಟ್ಟು ಮರೆತರೆ ‘ಎಲ್ಲಿದೀಯಾ’ ಅಂತ ಕೂಗಬೇಕು. ಅದು ‘ಇಲ್ಲೇ ಇದ್ದೀನಿ’ ಅಂತ ಓಗೊಡುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ಆ ಮಾತನ್ನು ಮೂರು ಸಲ ಯಾರ ದನಿಯಲ್ಲಿ ಕೇಳಿಸಿಕೊಳ್ಳುತ್ತದೋ ಅವರೇ ಯಜಮಾನರು. ಬೇರೆ ಯಾರು ಕೂಗಿದರೂ ಕಲ್ಲು.

ಅತ್ತೆಯ ಕಣ್ಣು ಮಿನುಗಿತು. ಎದ್ದರು. ಚೀಲವನ್ನೆತ್ತಿ ಹೆಗಲಿಗೆ ಹಾಕಿಕೊಂಡರು. ಅವರು ಚೀಲ ಹೆಗಲಿಗೇರಿಸಿದರೆ ಕೇಸು ಮುಗಿಯಿತೆಂದೇ ಲೆಕ್ಕ.

“ಹಾಗಾದ್ರೆ ಕೇಳಿ ಎಲ್ಲರೂ. ಅದನ್ನ ಮೊದಲು ಕೈಗೆತ್ತಿಕೊಂಡು ಚಾಲೂ ಮಾಡಿದೋರು ಯಾರೋ, ಅದು ಅವರ ದನಿಗೆ ಓಗೊಡತ್ತೆ. ಯಾರ ದನಿಗೆ ಓಗೊಡತ್ತೋ ಅವರೇ ಕಳ್ಳರು. ಇದರಲ್ಲಿ ಎರಡು ಮಾತಿಲ್ಲ. ಒಪ್ಪಿದ್ರಾ?”

ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಮೊದಲಣ್ಣ.

“ಒಬ್ಬೊಬ್ಬರಾಗಿ ಕೂಗೋಣ್ವಾ?” ಎಂದರು ಅಪ್ಪ, ಗಂಟಲು ಸರಿಮಾಡಿಕೊಂಡು.

“ನೀವು ಕೂಗೋದು ಬೇಡ. ಕಳ್ಳ ತನ್ನ ದನಿಯಲ್ಲಿ ಕೂಗ್ತಾನಾ? ಮೂಗಲ್ಲೋ ಹೊಟ್ಟೇಲೋ ಕೂಗ್ತಾನೆ. ಮೊದಲಣ್ಣನಿಗಂತೂ ಗಂಟಲೇ ಇಲ್ಲ.” ಅತ್ತೆ ನನ್ನತ್ತ ಬೆರಳು ಮಾಡಿದರು. “ನಿಮ್ಮೆಲ್ಲರ ಪರವಾಗಿ ಇವನು ಕೂಗ್ತಾನೆ.”

“ಮಿಮಿಕ್ರಿಗೆಲ್ಲ ಮೋಸ ಹೋಗಲ್ಲ ಮೇಡಂ ಈಗಿನ ಯಂತ್ರ,” ಭಾಮೈದ ನಕ್ಕ.

ನಾನು ಕಿಟಕಿಯ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ಅಕ್ಕನ ದನಿಯಲ್ಲಿ, ಅವರು ದಿನಾ ಅನ್ನಬಹುದಾದ ಹಾಗೇ ಅಂದೆ: “ನನ್ನಪ್ಪಾ, ಪರದೇ, ಇವತ್ತಾದ್ರೂ ಸರೀತೀಯಾ?”

ಪರದೆ ಸರ್ರೆಂದು ಸರಿಯಿತು.

“ಅಯ್ಯೋ, ನನ್ನ ದನಿ ಹೀಗಿದೆಯಾ?” ಅಂತ ಅಕ್ಕ ಕಿವಿ ಮುಚ್ಚಿಕೊಂಡರು.

ನಾನು ಮೊದಲಣ್ಣನಿಂದಲೇ ಶುರುಮಾಡಿದೆ. ಎದೆಯುಬ್ಬಿಸಿ, ಚಾನೆಲ್ಲಿನಲ್ಲಿ ಕೇಳಿದ ಆ ಗರ್ಜನೆಯನ್ನು ಹೊಟ್ಟೆಯ ಆಳದಿಂದ ಎತ್ತಿದೆ. “ಬಂತು, ಬಂತು! ಎಲ್ಲಿದೀಯಾ?”

“ನಿಮ್ಮ ದನಿ ಗುರುತಾಯಿತು. ಸ್ವಾಗತ!”

ಎಲ್ಲರೂ ಬೆಚ್ಚಿದರು. ಮಾತಾಡಿದ್ದು ಹೊಸ ಫೋನಲ್ಲ, ಮೊದಲಣ್ಣನ ಮಡಿಲಿನ ಟ್ಯಾಬ್ಲೆಟ್ಟು. ಒಡೆಯನ ದನಿ ಅಂತ ಮೋಸ ಹೋಗಿ ನನಗೆ ಸ್ವಾಗತ ಕೋರಿತ್ತು. ಮೊದಲಣ್ಣ ಅದನ್ನು ಪೆಚ್ಚಾಗಿ ನೋಡಿದ, ಸಾಕಿದ ನಾಯಿ ಎದುರುಮನೆಯವನಿಗೆ ಬಾಲ ಆಡಿಸಿದ ಹಾಗೆ.

ಹೊಸ ಫೋನು ಮಾತ್ರ ಸೊಲ್ಲೆತ್ತಲಿಲ್ಲ. ಕೋಣೆ ಕೋಣೆಗೂ ಹೋಗಿ ಕೂಗಿದೆ. ಅಡುಗೆಮನೆ, ಸ್ಟುಡಿಯೋ, ಬಚ್ಚಲು. ಅಕ್ಕನಾಗಿ ಕೂಗಿದೆ. ಭಾಮೈದನಾಗಿ ಬಾಯೊಳಗೇ ಗೊಣಗಿ ಕೂಗಿದೆ. ಅಪ್ಪನಾಗಿ, ಕಿವಿ ಮಂದವಾದವರು ಕೂಗುವ ಹಾಗೆ, ಗೋಡೆ ನಡುಗುವಂತೆ ಕೂಗಿದೆ. ತೊಳೆಯುವ ಯಂತ್ರವೊಂದು ‘ಬಟ್ಟೆ ಹಾಕಿ’ ಎಂದಿತು. ಇನ್ನಾರೂ ಓಗೊಡಲಿಲ್ಲ.

ವಾಪಸ್ಸು ಹಾಲಿಗೆ ಬಂದೆ. ಅತ್ತೆಯ ಮುಖ ಸಣ್ಣಗಾಗಿತ್ತು. ಅಂಥ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ.

“ಸುಳ್ಳು ಹೇಳೋ ಮನುಷ್ಯರನ್ನ ಜೀವನವಿಡೀ ಹಿಡಿದಿದೀನಿ ಕಣೋ,” ಎಂದರು ಮೆಲ್ಲಗೆ. “ಸುಮ್ಮನೆ ಕೂತಿರೋ ಯಂತ್ರಾನ ಹೇಗೆ ಹಿಡೀಬೇಕೋ ಗೊತ್ತಾಗ್ತಾ ಇಲ್ಲ. ಕಾಲ ನನ್ನ ಬಿಟ್ಟು ಮುಂದೆ ಹೋಯ್ತು ಅನ್ಸತ್ತೆ.”

“ನನ್ನನ್ನೂ!” ಎಂದಿತು ಟ್ಯಾಬ್ಲೆಟ್ಟು ಹರ್ಷದಿಂದ.

ಸಂಜೆಯ ಬಿಸಿಲು ಡಬ್ಬಿಗಳ ಮೇಲೆ ಬಿದ್ದಿತ್ತು. ಬೆಳಗಾದರೆ ಬಿಡುಗಡೆ. ಅಕ್ಕ ಗಂಡನ ಭುಜದ ಮೇಲೆ ಕೈಯಿಟ್ಟರು. ನನಗೆ ಆ ಮೌನ ತಡೆಯಲಾಗಲಿಲ್ಲ. ಸಾವಿನ ಮನೆಯಲ್ಲೂ ಯಾರಾದರೂ ಸೀನಿದರೆ ನನಗೆ ಅವರಂತೆ ಸೀನಬೇಕೆನಿಸುತ್ತದೆ, ಅದು ನನ್ನ ಕರ್ಮ. ಅತ್ತೆಯನ್ನು ಸ್ವಲ್ಪ ನಗಿಸೋಣವೆಂದು, ನನ್ನ ಮೆಚ್ಚಿನ ಐಟಂ ತೆಗೆದೆ.

ಕಿವಿಗೆ ಅಂಗೈ ಹಿಡಿದು, ಕತ್ತು ಮುಂದೆ ಚಾಚಿ, ರಸ್ತೆಯಾಚೆಗಿನವರನ್ನು ಕೂಗುವ ಹಾಗೆ, ಅತ್ತೆಯ ದನಿಯಲ್ಲಿ ಕೂಗಿದೆ: “ಎಲ್ಲಿದೀಯಾ?”

“ಇಲ್ಲೇ ಇದ್ದೀನಿ!”

ಜೇನಿನಂಥ ದನಿ. ಹತ್ತಿರದಿಂದ. ತೀರಾ ಹತ್ತಿರದಿಂದ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆಯ ಕೈ ತನ್ನಷ್ಟಕ್ಕೆ ಮೇಲೆದ್ದು, ಹೆಗಲನ್ನು ಮುಟ್ಟಿಕೊಂಡಿತು. ಅಲ್ಲಿ ಚೀಲದ ಪಟ್ಟಿಯಿತ್ತು.

ಚೀಲ ಬಿಚ್ಚಿದರು. ಕನ್ನಡಕದ ಡಬ್ಬಿಯ ಮತ್ತು ಕೊಡೆಯ ಮಧ್ಯೆ, ಕನ್ನಡಿಯಷ್ಟು ನುಣುಪಾದ ಹೊಸ ಫೋನು. ಪರದೆ ಬೆಳಗಿ ಅಕ್ಷರ ಮೂಡಿದವು: ಯಜಮಾನರಿಗೆ ನಮಸ್ಕಾರ.

“ಯಾರ ದನಿಗೆ ಓಗೊಡತ್ತೋ...” ಅಂತ ಅಪ್ಪ ಶುರುಮಾಡಿ, ಮುಗಿಸಲು ಧೈರ್ಯವಾಗದೆ ನಿಲ್ಲಿಸಿದರು.

“ನಾನು... ನಾನು ಇದನ್ನ ಕಣ್ಣಲ್ಲೂ ನೋಡಿಲ್ಲ,” ಎಂದರು ಅತ್ತೆ.

ನೌಕರಿಯ ಉದ್ದಕ್ಕೂ ಅವರೆದುರು ಕೂತ ಒಬ್ಬೊಬ್ಬ ಸುಳ್ಳನೂ ಹೇಳಿದ್ದು ಇದೇ ಮಾತು. ಒಂದನ್ನೂ ಅವರು ನಂಬಿರಲಿಲ್ಲ.

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಿನ್ನೆ ಸಂಜೆ. ಆ ಮೂಕ ಕರೆ. ಈ ಕಡೆಯಿಂದ ಅತ್ತೆ ಮತ್ತೆ ಮತ್ತೆ ಕೂಗಿದ ಅದೇ ಒಂದು ಮಾತು. ಆ ಕಡೆ ಯಾರದೋ ಉಸಿರು, ಆ ಉಸಿರಿನ ಪಕ್ಕದಲ್ಲಿ ಕಿವಿಗೊಟ್ಟು ಕೂತ ಒಂದು ಹೊಸ ಫೋನು. ಆದರೆ ಅದನ್ನು ಹೇಳಿದರೆ ನಂಬುವವರು ಯಾರು? ಅತ್ತೆಯ ಕೈಕಾಲು ಕಟ್ಟಿಹಾಕಿದ ಹಗ್ಗ ಅತ್ತೆಯೇ ಹೊಸೆದದ್ದು. ಗಂಟು ಹಾಕಿದವನು ನಾನು.

ಮೊದಲು ಭಾಮೈದನ ಮೂಗಿನಿಂದ ಫುಸ್ಸೆಂದು ನಗು ಸಿಡಿಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ತಡೆಯಲಾಗಲಿಲ್ಲ. ಅಪ್ಪ ತೊಡೆ ತಟ್ಟಿಕೊಂಡರು. ನಾಚಿಕೆಗೇಡು, ನಾನೂ ನಕ್ಕೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ಮೊದಲಣ್ಣ. ಮಧ್ಯಾಹ್ನ ಲೋಕದೆದುರು ಮಾನ ಕಳೆದುಕೊಂಡವನು ಅವನೇ, ಈಗ ಹೊಟ್ಟೆ ಹಿಡಿದುಕೊಂಡು ಡಬ್ಬಿಗಳ ಗುಡ್ಡದ ಮೇಲೆ ಒರಗಿ ನಗುತ್ತಿದ್ದ. ಕಣ್ಣಿಂದ ನೀರು ಧಾರೆಯಾಗಿತ್ತು. ಚಾನೆಲ್ಲಿನ ಆ ಗರ್ಜನೆಯೇ ನಗುವಾಗಿ, ಒಂದೆಳೆಯೂ ಬಿರುಕಿಲ್ಲದೆ, ಒಂದಿಷ್ಟೂ ಗೊರಗೊರವಿಲ್ಲದೆ, ಗಂಟೆಯ ಹಾಗೆ ಮನೆಯನ್ನೆಲ್ಲ ತುಂಬಿತು. ಪಕ್ಕದಲ್ಲಿದ್ದ ಉಪ್ಪುನೀರಿನ ಲೋಟ ಆ ಅದುರಿಗೆ ತುಳುಕಿತು.

“ನಿಮ್ಮ ದನಿ ಗುರುತಾಯಿತು,” ಎಂದಿತು ಅವನ ಮಡಿಲಿನ ಟ್ಯಾಬ್ಲೆಟ್ಟು. “ಸ್ವಾಗತ!”

ಅಕ್ಕ ನಗು ನಿಲ್ಲಿಸಿದರು. ಭಾಮೈದ ನಿಲ್ಲಿಸಿದ. ಅತ್ತೆ ಫೋನಿನಿಂದ ಮೆಲ್ಲಗೆ ಕಣ್ಣೆತ್ತಿ, ಅವನ ಗಂಟಲನ್ನೇ ನೋಡಿದರು. ನಾನು, ಬಾಗಿಲಲ್ಲಿ ಅತ್ತೆಯ ಚೀಲ ಇಸಿದುಕೊಂಡ ಅವನ ಎರಡು ಕೈಗಳನ್ನು ನೋಡಿದೆ.

ಅವನು ನಗುತ್ತಲೇ ಇದ್ದ. ಅವನಿಗೆ ನಿಲ್ಲಲು ಬರುತ್ತಿರಲಿಲ್ಲ.